ಮಂಡಳಿ ಮುಚ್ಚಿದರೆ ಅದರ ಆಸ್ತಿ ಯಾರದು?



ಹತ್ತಾರು ವರ್ಷ ನಾವು ಬೆಳೆದದ್ದನ್ನೆಲ್ಲ ಒಂದೇ ಮಂಡಳಿಗೆ ಕೊಟ್ಟೆವು ಅಂತ ಇಟ್ಟುಕೊಳ್ಳಿ. ಅದನ್ನು ಮಾರಿದ ದುಡ್ಡಿನಲ್ಲಿ ಮಂಡಳಿ ಗೋದಾಮು ಕಟ್ಟಿತು, ವಾಹನ ಕೊಂಡಿತು. ಒಂದು ದಿನ ಸರ್ಕಾರ ಕಾನೂನು ಬದಲಿಸಿ ಮಂಡಳಿಯನ್ನೇ ಮುಚ್ಚಿತು. ಆ ಗೋದಾಮು ಯಾರದು? 'ನಮ್ಮ ಬೆವರಿನದು, ನಮ್ಮದೇ' ಅಂತೀವಿ. ನ್ಯಾಯಾಲಯದಲ್ಲಿ ಆ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಕೊರವಂಗಲದ ಕಡೆ ನಮ್ಮದು ರಾಗಿ, ಮುಸುಕಿನ ಜೋಳ, ಆಲೂಗಡ್ಡೆ. ಆದರೆ ನಮ್ಮದೇ ಜಿಲ್ಲೆಯ ಸಕಲೇಶಪುರ, ಬೇಲೂರು ಕಡೆಯ ಕಾಫಿ ಬೆಳೆಗಾರರು ಇಂಥದ್ದನ್ನು ಹತ್ತಿರದಿಂದ ಕಂಡವರು. 1942ರ ಕಾಫಿ ಕಾಯ್ದೆ ಪ್ರಕಾರ ಮನೆ ಬಳಕೆಗೆ, ಬೀಜಕ್ಕೆ ಅಂತ ಸ್ವಲ್ಪ ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ ಕೊಡಬೇಕಿತ್ತು. ಪೂಲ್ ಅಂದರೆ ಎಲ್ಲರ ಕಾಫಿಯೂ ಒಂದೇ ರಾಶಿ. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ, ಖರ್ಚು ಕಳೆದು, ಉಳಿದ ಹಣವನ್ನು ಬೆಳೆಗಾರರಿಗೆ ಹಂಚುತ್ತಿತ್ತು. ಮೊದಲು ಒಂದು ಕಂತು ಕೊಡ್ತಿದ್ದರು, ಬಾಕಿ ಕಂತಿಗೆ ಕಾಯಬೇಕು.

ಈ ಮಧ್ಯೆ ರಾಜ್ಯ ಸರ್ಕಾರ ಮಂಡಳಿಯಿಂದ ಖರೀದಿ ತೆರಿಗೆ ಕೇಳಿತು. 'ನಾವು ಕಾಫಿ ಕೊಂಡಿಲ್ಲ, ಬೆಳೆಗಾರರ ಪರವಾಗಿ ಮಾರಿಕೊಡ್ತೀವಿ ಅಷ್ಟೇ' ಎಂದು ಮಂಡಳಿ ವಾದಿಸಿತು. 1988ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪೂಲಿಗೆ ಕೊಟ್ಟರೆ ಮಾರಿದಂತೆಯೇ, ಆಮೇಲೆ ಕಾಫಿ ಮಂಡಳಿಯದು, ಬೆಳೆಗಾರನಿಗೆ ಉಳಿಯುವುದು ಬೆಲೆ ಪಡೆಯುವ ಹಕ್ಕು ಎಂದಿತು. ತೆರಿಗೆ ವಿಷಯದ ತೀರ್ಪೇ ಆದರೂ ನಮಗೆ ಬೇಕಾದ ಮಾತು ಅದರಲ್ಲೇ ಇದೆ. 1992ರಿಂದ ಹಂತಹಂತವಾಗಿ ಸ್ವಂತ ಮಾರಾಟಕ್ಕೆ ಬಿಟ್ಟು, 1996ರಲ್ಲಿ ಕಡ್ಡಾಯ ಪೂರ್ತಿ ಹೋಯಿತು. ಕಾಫಿ ಮಂಡಳಿ ಮಾತ್ರ ಇವತ್ತಿಗೂ ಇದೆ, ಹಾಗಾಗಿ ಅದರ ಆಸ್ತಿ ಹಂಚುವ ಪ್ರಶ್ನೆ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು ದೂರದ ಕೆನಡಾದಲ್ಲಿ. ಅಲ್ಲಿ 1935ರಲ್ಲಿ ಗೋಧಿ ಮಂಡಳಿ ಹುಟ್ಟಿತು. ಅದೂ ಪೂಲ್ ಪದ್ಧತಿಯೇ. 2012ರ ಆಗಸ್ಟಿನಲ್ಲಿ ಕಡ್ಡಾಯ ತೆಗೆದರು. ಕಟ್ಟಡ, ರೈಲು ವ್ಯಾಗನ್ನು ಎಲ್ಲ ನಮ್ಮ ಗೋಧಿಯ ದುಡ್ಡಿನದು ಅಂತ ರೈತರು ಕೋರ್ಟಿಗೆ ಹೋದರು. 2013ರಲ್ಲಿ ನ್ಯಾಯಾಲಯ ಅವರ ಬೇಡಿಕೆಗಳಲ್ಲಿ ಹೆಚ್ಚಿನವನ್ನು ತಳ್ಳಿಹಾಕಿತು. ಪೂಲಿನಿಂದ ರೈತರಿಗೆ ಬರಬೇಕಾದ ಹಣವನ್ನು ಬೇರೆಡೆಗೆ ತಿರುಗಿಸಿದರು ಎಂಬ ದೂರನ್ನು ಮಾತ್ರ ವಿಚಾರಣೆಗೆ ಉಳಿಸಿತು. 2015ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ವಿದೇಶಿ ಕಂಪನಿಗಳ ಕೈಗೆ ಹೋಯಿತು. ಅವು ಹಾಕಿದ 25 ಕೋಟಿ ಡಾಲರ್ ಹೊಸ ಕಂಪನಿಯೊಳಗೇ ಉಳಿಯಿತು. ಮಿಕ್ಕ ಪಾಲನ್ನು ರೈತರ ಹೆಸರಿನ ಟ್ರಸ್ಟಿಗೆ ಬಿಟ್ಟು, ಧಾನ್ಯ ತಂದವರಿಗೆ ಟನ್ನಿಗೆ 5 ಡಾಲರ್ ಲೆಕ್ಕ ಇಟ್ಟರು. ತಾತನ ಕಾಲದಿಂದ ಗೋಧಿ ಹಾಕಿದ್ದಕ್ಕೆ ಲೆಕ್ಕವಿಲ್ಲ! ನಮಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಹೀಗಾಗಲು ಕಾರಣ, ಕಾನೂನಿನಿಂದ ಹುಟ್ಟಿದ ಮಂಡಳಿಯಲ್ಲಿ ರೈತರಿಗೆ ಷೇರು ಇರಲಿಲ್ಲ. ನಮ್ಮ ಊರಿನ ಹಾಲಿನ ಡೇರಿ ಹಾಗಲ್ಲ. ಅದು ಸಹಕಾರ ಸಂಘ, ಷೇರು ಕಟ್ಟಿದವರು ಸದಸ್ಯರು. ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಬಹುದು, ಕೈ ಎತ್ತಬಹುದು. ಸಂಘ ಮುಚ್ಚಿದರೂ ಮೊದಲು ಸಾಲ ತೀರಬೇಕು, ಆಮೇಲೆ ಷೇರು ಹಣದ ಮಾತು. ಷೇರು ಗಂಡನ ಹೆಸರಲ್ಲಿದ್ದು ಹಾಲು ನೀವು ಹಾಕ್ತಿದ್ದರೆ, ಹಕ್ಕು ಯಾರದು ಅಂತ ಈಗಲೇ ವಿಚಾರಿಸಿ. ಷೇರು ರಸೀದಿ, ಹಾಲಿನ ಚೀಟಿ ಜೋಪಾನವಾಗಿಡಿ.

ನಮ್ಮ ಸ್ವಸಹಾಯ ಸಂಘಗಳಲ್ಲಿ ಉಳಿತಾಯ ಪಾಸ್ ಪುಸ್ತಕದಲ್ಲಿ ಹೆಸರು ಸಮೇತ ಇರುತ್ತೆ, ಅದರ ಚಿಂತೆಯಿಲ್ಲ. ಬಡ್ಡಿ ದುಡ್ಡಿನಲ್ಲಿ ಕೊಂಡ ಪಾತ್ರೆ, ಕುರ್ಚಿ, ಶಾಮಿಯಾನ ಯಾರದು? ಮಧ್ಯದಲ್ಲಿ ಬಿಟ್ಟು ಹೋದವರಿಗೆ ಪಾಲುಂಟೇ? ಮುಂದಿನ ವಾರದ ಸಭೆಯಲ್ಲಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ.