ಹೆಗಲು ಬದಲಿಸುವ ಗಳಿಗೆ

2025ರ ಮೇ 18, ಭಾನುವಾರ. ರಜೆಯ ದಿನ ಏಳು ಗಂಟೆಗೆ ಮುಂಚೆ ಏಳದ ನನ್ನನ್ನು ಮಗ ಐದೂವರೆಗೇ ಎಬ್ಬಿಸಿ ಕೂರಿಸಿದ. ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ.-ಸಿ61 ರಾಕೆಟ್ಟು ಹಾರುವುದಿತ್ತು. ಚೆನ್ನೈಯಲ್ಲಿರುವ ನಮ್ಮಂಥವರಿಗೆ ಶ್ರೀಹರಿಕೋಟೆ ನೆರೆಮನೆಯಿದ್ದಂತೆ. ಆಕಾಶ ತಿಳಿಯಾಗಿದ್ದರೆ ಮಹಡಿಯ ಮೇಲಿಂದಲೇ ಉತ್ತರದ ಕಡೆ ಬೆಂಕಿಯ ಗೆರೆ ಏರುವುದು ಕಾಣುತ್ತದೆ. ಅಂದು ಮಾತ್ರ ಟೆಲಿವಿಷನ್ ಮುಂದೆಯೇ ಕುಳಿತೆವು.

5 ಗಂಟೆ 59 ನಿಮಿಷಕ್ಕೆ ರಾಕೆಟ್ಟು ಎದ್ದಿತು. ಮೊದಲ ಎರಡು ಹಂತ ಸರಿಯಾಗಿ ನಡೆದವು. ಮೂರನೆಯ ಹಂತದಲ್ಲಿ ಇಂಧನ ಉರಿಯುವ ಕೋಶದ ಒತ್ತಡ ಕುಸಿಯಿತು. ಭೂಮಿಯನ್ನು ವೀಕ್ಷಿಸಬೇಕಾಗಿದ್ದ ಉಪಗ್ರಹ ಕಕ್ಷೆ ಸೇರಲೇ ಇಲ್ಲ. ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅವರು ಮುಂದೆ ಬಂದು, ಕಾರ್ಯ ಪೂರ್ಣವಾಗಲಿಲ್ಲವೆಂದು ತಿಳಿಸಿದರು.

"ಅಪ್ಪಾ, ಇದನ್ನ ಮಾಡಿದವರನ್ನ ಕೆಲಸದಿಂದ ತೆಗೀತಾರಾ?" ಎಂದ ಮಗ.

ಈ ಪ್ರಶ್ನೆ ನನ್ನನ್ನು ಕುಟುಕಿತು. ನಾನು ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಒಂದು ಫೈಲು ಕಳೆದರೆ ನಮ್ಮಲ್ಲಿ ಮೊದಲು ಕೇಳುವುದು "ಯಾರ ಮೇಜಿನಲ್ಲಿತ್ತು?" ಎಂದು. ಅದು ಯಾವ ದಾರಿಯಲ್ಲಿ ಹೋಗುತ್ತಿತ್ತು, ಎಲ್ಲಿ ಕೈ ಬದಲಾಯಿತು ಎಂಬುದನ್ನು ಕೇಳುವವರು ಕಡಿಮೆ. ಮನೆಯಲ್ಲಿ ನಾನಾಡುವ ಮಾತನ್ನೇ ಹುಡುಗ ಕಲಿತಿದ್ದಾನೆ. ಆದ್ದರಿಂದ ಅವನಿಗೆ ಒಂದು ಹಳೆಯ ಕಥೆ ಹೇಳಿದೆ. ಅದು ನಾನು ಹುಟ್ಟುವುದಕ್ಕೂ ಮುಂಚಿನ ಮಾತು.

ಉಡುಪಿಯ ಬಳಿ ಅದಮಾರು ಎಂಬ ಹಳ್ಳಿಯಿದೆ. ಯು. ಆರ್. ರಾವ್ ಅವರು ಹುಟ್ಟಿದ್ದು ಅಲ್ಲಿ, 1932ರಲ್ಲಿ. ನಮ್ಮ ಮೊದಲ ಉಪಗ್ರಹವಾದ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿದವರು ಅವರೇ. 1984ರಲ್ಲಿ ಇಸ್ರೋ ಅಧ್ಯಕ್ಷರಾದರು. ಆರ್ಯಭಟವನ್ನು 1975ರಲ್ಲಿ ಹಾರಿಸಿದ್ದು ರಷ್ಯದವರ ರಾಕೆಟ್ಟು. ನಮ್ಮದೇ ಎಸ್.ಎಲ್.ವಿ.-3 ಆಗಸ್ಟ್ 10, 1979ರಂದು ಬಂಗಾಳ ಕೊಲ್ಲಿಗೆ ಬಿದ್ದು, 1980ರ ಜುಲೈಯಲ್ಲಿ ಗೆದ್ದು, 35 ಕಿಲೋದ ರೋಹಿಣಿಯನ್ನು ಮೇಲೇರಿಸಿತ್ತು. ಇನ್ನು 150 ಕಿಲೋ ಹೊರುವ ರಾಕೆಟ್ಟು ಬೇಕಾಗಿತ್ತು. ಅದಕ್ಕೇ ಎ.ಎಸ್.ಎಲ್.ವಿ. ಹುಟ್ಟಿದ್ದು.

ಹಳೆಯ ರಾಕೆಟ್ಟಿನ ಎರಡು ಪಕ್ಕಕ್ಕೂ ಒಂದೊಂದು ರಾಕೆಟ್ಟು ಕಟ್ಟಿದರು. ನೆಲದಿಂದ ಎತ್ತುವವು ಈ ಪಕ್ಕದವು. ಅವು ಉರಿದು ಮುಗಿಯುವ ಹೊತ್ತಿಗೆ ನಡುವಿನದು ಹೊತ್ತಿಕೊಳ್ಳಬೇಕು. ಉತ್ಸವದಲ್ಲಿ ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸುವುದನ್ನು ಊರಿನಲ್ಲಿ ನೋಡಿದ್ದೀರಲ್ಲ? ಹೊಸ ಹೆಗಲು ಬಂದು ಸೇರಿದ ಮೇಲೆಯೇ ಹಳೆಯ ಹೆಗಲು ಸರಿಯಬೇಕು. ಇಲ್ಲಿಯೂ ಹಾಗೆಯೇ, ಆದರೆ ಈ ಪಲ್ಲಕ್ಕಿ ದಟ್ಟವಾದ ಗಾಳಿಯಲ್ಲಿ ಶಬ್ದಕ್ಕಿಂತ ವೇಗವಾಗಿ ಓಡುತ್ತಿರುತ್ತದೆ.

ಮಾರ್ಚ್ 24, 1987ರಂದು ಹೊಸ ಹೆಗಲು ಬರಲೇ ಇಲ್ಲ. ಪಕ್ಕದವು ಉರಿದು ಮುಗಿದವು, ನಡುವಿನದು ಹೊತ್ತಲಿಲ್ಲ. ಉಪಗ್ರಹದೊಡನೆ ಎಲ್ಲವೂ ಸಮುದ್ರದ ಪಾಲು. ಜುಲೈ 13, 1988ರಂದು ಎರಡನೆಯ ಸಲ. ಈ ಬಾರಿ ಹಳೆಯ ಹೆಗಲು ಸರಿದು ಹೊಸದು ತಗಲುವ ನಡುವೆ ಹಿಡಿತ ತಪ್ಪಿತು. ರಾಕೆಟ್ಟು ತೂಗಾಡಿ, ಗಾಳಿಯ ಹೊಡೆತಕ್ಕೆ ಮುರಿಯಿತು. ಎರಡಕ್ಕೆ ಎರಡೂ ಹೋದವು! ಇದು ಸಮುದ್ರವನ್ನು ಪ್ರೀತಿಸುವ ವಾಹನವೆಂದು ಗೇಲಿ ಮಾಡಿದವರೂ ಇದ್ದರು. ಬಡದೇಶಕ್ಕೆ ಈ ವೈಭವವೇಕೆ ಎಂದು ಕೇಳುವುದು ಆಗ ಕಷ್ಟವಾಗಿರಲಿಲ್ಲ. ಕೇಳಿದ್ದು ತಪ್ಪೆಂದೂ ನಾನು ಹೇಳಲಾರೆ. ಹೋದದ್ದು ಜನರ ಹಣವೇ.

ಮೂರನೆಯದು ಹಾರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಈ ನಾಲ್ಕು ವರ್ಷವೇ. ನಿಗದಿಯಾದ ಸೆಕೆಂಡಿಗೆ ಕಿಚ್ಚು ಹಚ್ಚುವ ಪದ್ಧತಿಯನ್ನು ಬಿಟ್ಟರು. ಪಕ್ಕದ ರಾಕೆಟ್ಟುಗಳ ಬಲ ಕುಗ್ಗುವುದನ್ನು ರಾಕೆಟ್ಟೇ ಹಾರುತ್ತ ಹಾರುತ್ತ ಅರಿತು, ಆಗ ನಡುವಿನದನ್ನು ಹೊತ್ತಿಸಿಕೊಳ್ಳುವಂತೆ ಮಾಡಿದರು. ಗಡಿಯಾರ ನೋಡಿ ಹೆಗಲು ಕೊಡುವುದಕ್ಕೂ, ಮುಂದಿನವನ ಹೆಗಲು ಸೋತದ್ದನ್ನು ಕಂಡು ಕೊಡುವುದಕ್ಕೂ ಇರುವ ವ್ಯತ್ಯಾಸವಿದು. ತೂಗಾಟ ತಡೆಯಲು ಬುಡಕ್ಕೆ ರೆಕ್ಕೆಗಳನ್ನೂ ಜೋಡಿಸಿದರು.

ಮೇ 20, 1992ರಂದು ಮೂರನೆಯದು 106 ಕಿಲೋದ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ಪೂರ್ಣ ಜಯವೇನೂ ಅಲ್ಲ. ಕಕ್ಷೆ ತಗ್ಗಾಗಿದ್ದುದರಿಂದ ಅದು ಜುಲೈಯಲ್ಲೇ ಮರಳಿ ಬಿದ್ದು ಉರಿದುಹೋಯಿತು. 1994ರ ಮೇ ತಿಂಗಳ ನಾಲ್ಕನೆಯದು ಸರಿಯಾಗಿ ನಡೆಯಿತು. ಅಷ್ಟಕ್ಕೆ ಎ.ಎಸ್.ಎಲ್.ವಿ.ಯ ಆಯುಸ್ಸು ಮುಗಿಯಿತು. ಆದರೆ ಪಕ್ಕದಲ್ಲಿ ರಾಕೆಟ್ಟು ಕಟ್ಟುವ ವಿದ್ಯೆ ಪಿ.ಎಸ್.ಎಲ್.ವಿ.ಗೆ ಬಂತು. ಅದೂ 1993ರ ಸೆಪ್ಟೆಂಬರಿನ ಮೊದಲ ಹಾರಾಟದಲ್ಲಿ ಬಿದ್ದು, ಮರುವರ್ಷ ಅಕ್ಟೋಬರಿನಲ್ಲಿ ಗೆದ್ದಿತೆನ್ನಿ.

"ಅಧ್ಯಕ್ಷರು?" ಎಂದ ಮಗ. ಎರಡು ಸೋಲಿನಲ್ಲೂ, ಮೂರನೆಯದರ ಗೆಲುವಿನಲ್ಲೂ ರಾಯರೇ ಅಧ್ಯಕ್ಷರಾಗಿದ್ದರು. 1994ರವರೆಗೂ ಇದ್ದರು ಎಂದೆ. ಅವನು ಏನೂ ಹೇಳಲಿಲ್ಲ. ಅಡಿಗೆಮನೆಯಿಂದ ಇವಳು ದೋಸೆಗೆ ಕರೆದಳು.

ಜುಲೈ 30ರ ಸಂಜೆ 5 ಗಂಟೆ 40ಕ್ಕೆ ಜಿ.ಎಸ್.ಎಲ್.ವಿ. ರಾಕೆಟ್ಟು ನಿಸಾರ್ ಉಪಗ್ರಹವನ್ನು ಹೊತ್ತು ಹಾರಿ ಕಕ್ಷೆಗೆ ಸೇರಿಸಿತು. ನಾನು ಆಗ ಕಚೇರಿಯಲ್ಲಿದ್ದೆ. ಮನೆಗೆ ಬಂದರೆ ಮಗ ಮೆಟ್ಟಿಲಲ್ಲೇ ಕಾಯುತ್ತಿದ್ದ.

"ಅಪ್ಪಾ, ಮಹಡಿ ಹತ್ತಿ ನೋಡಿದೆ. ಹೆಗಲು ಬದಲಾಯಿಸೋ ಹೊತ್ತಿಗೆ ಎದುರುಮನೆ ನೀರಿನ ತೊಟ್ಟಿ ಅಡ್ಡ ಬಂತು!"