ಭಾರ ಬಿದ್ದ ಕಡೆ ಬೆಳೆಯುವ ಮೂಳೆ

ಒಂದು ಬೀಮ್ ಡಿಸೈನ್ ಮಾಡುವಾಗ ನಾವು ಏನು ಮಾಡ್ತೀವಿ? ಲೋಡ್ ಎಷ್ಟು ಅಂತ ಲೆಕ್ಕ ಹಾಕ್ತೀವಿ, ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬರೀತೀವಿ, ಫ್ಯಾಕ್ಟರ್ ಆಫ್ ಸೇಫ್ಟಿ ಸೇರಿಸಿ ಸೈಜ್ ನಿರ್ಧರಿಸ್ತೀವಿ. ಕಟ್ಟಿದ ಮೇಲೆ ಅಲ್ಲಿಗೆ ಮುಗೀತು. ನಾಳೆ ಲೋಡ್ ಎರಡು ಪಟ್ಟಾದರೂ ಆ ಬೀಮ್ ತಾನಾಗಿ ದಪ್ಪ ಆಗಲ್ಲ, ಲೋಡ್ ತೆಗೆದರೆ ತೆಳ್ಳಗೂ ಆಗಲ್ಲ. ಆದರೆ ಬೀಳುವ ಲೋಡ್ ನೋಡಿಕೊಂಡು ತನ್ನನ್ನು ತಾನೇ ಮತ್ತೆ ಮತ್ತೆ ಡಿಸೈನ್ ಮಾಡಿಕೊಳ್ಳುವ ಒಂದು ಸ್ಟ್ರಕ್ಚರ್ ಇದೆ. ಅದು ನಮ್ಮ ಮೂಳೆ. ಕ್ಲಾಸಿನಲ್ಲಿ ಕಲಿತ ಪದಗಳಲ್ಲೇ ಅದನ್ನು ಅರ್ಥ ಮಾಡಿಕೊಳ್ಳೋಣ. ಕಂಪ್ಯೂಟರ್ ಸೈನ್ಸ್‌ನವರೂ ಪೂರ್ತಿ ಓದಿ, ಕೊನೆಯಲ್ಲಿ ನಿಮಗೇ ಹೆಚ್ಚು ಬೇಕಾದ ಮಾತಿದೆ.

ಮೊದಲು ಮೆಟೀರಿಯಲ್

ಮೂಳೆ ಒಂದು ಕಾಂಪೋಸಿಟ್. ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಹೈಡ್ರಾಕ್ಸಿಅಪಟೈಟ್ ಅನ್ನುವ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್ ಅನ್ನುವ ಪ್ರೋಟೀನ್ ನಾರು, ಜೊತೆಗೆ ನೀರು. ಆರ್‌ಸಿಸಿ ನೆನಪಿಸಿಕೊಳ್ಳಿ. ಕಾಂಕ್ರೀಟ್ ಒತ್ತಡ ತಡೆಯುತ್ತೆ, ಕಂಬಿ ಎಳೆತ ತಡೆಯುತ್ತೆ. ಇಲ್ಲೂ ಖನಿಜದಿಂದ ಗಡಸುತನ, ಕೊಲಾಜನ್‌ನಿಂದ ಮುರಿಯದೆ ತಾಳುವ ಗುಣ.

ನಂಬಿಕೆ ಬರದಿದ್ದರೆ ಕೋಳಿ ಕಾಲಿನ ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ. ಆಸಿಡ್ ಖನಿಜವನ್ನು ಕರಗಿಸುತ್ತೆ, ಉಳಿದ ಮೂಳೆ ರಬ್ಬರಿನ ಹಾಗೆ ಬಾಗುತ್ತೆ. ಇನ್ನೊಂದನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಕೊಲಾಜನ್ ಹೋಗಿ ಖನಿಜ ಮಾತ್ರ ಉಳಿಯುತ್ತೆ, ಬೆರಳಲ್ಲಿ ಒತ್ತಿದರೆ ಪುಡಿ. ಎರಡೂ ಸೇರಿದರೇನೇ ಮೂಳೆ.

ಗಟ್ಟಿ ಮೂಳೆಯನ್ನು ಉದ್ದಕ್ಕೆ ಒತ್ತಿದರೆ ಸುಮಾರು 200 ಮೆಗಾಪಾಸ್ಕಲ್ ತನಕ ತಡೆಯುತ್ತೆ. ನಮ್ಮ ಮನೆಗಳಿಗೆ ಬಳಸುವ ಎಂ25 ಕಾಂಕ್ರೀಟಿನ ಲೆಕ್ಕ 25 ಮೆಗಾಪಾಸ್ಕಲ್, ಹೋಲಿಸಿ ನೋಡಿ. ಎಳೆದರೆ ತಡೆಯುವುದು ಸುಮಾರು 130, ಶಿಯರ್‌ನಲ್ಲಿ ಅದರ ಅರ್ಧ. ಅಂದ್ರೆ ಯಾವ ದಿಕ್ಕಿನಲ್ಲಿ ಬಲ ಬೀಳುತ್ತೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಚಾಕ್‌ಪೀಸನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಸುರುಳಿಯಾಗಿ ಒಡೆಯುತ್ತೆ. ಪಾದ ನೆಲಕ್ಕೆ ಕಚ್ಚಿಕೊಂಡು ಮೈ ತಿರುಗಿದಾಗ ಮೊಣಕಾಲಿನ ಕೆಳಗಿನ ಮೂಳೆ ಮುರಿಯೋದೂ ಹಾಗೇ. ಎಕ್ಸ್‌ರೇಯಲ್ಲಿ ಕಾಣುವ ಸುರುಳಿ ಬಿರುಕು ನಾವು ಟಾರ್ಶನ್ ಪಾಠದಲ್ಲಿ ಓದಿದ 45 ಡಿಗ್ರಿ ಪ್ರಿನ್ಸಿಪಲ್ ಸ್ಟ್ರೆಸ್‌ನ ಗುರುತು.

ಕೊಳವೆ ಯಾಕೆ?

ಉದ್ದ ಮೂಳೆಗಳ ನಡುಭಾಗ ಟೊಳ್ಳು. ಹೊರವ್ಯಾಸ 28 ಮಿಲಿಮೀಟರ್, ಒಳವ್ಯಾಸ 14 ಅಂತ ಇಟ್ಟುಕೊಳ್ಳಿ. ಅಷ್ಟೇ ಮೆಟೀರಿಯಲ್‌ನಲ್ಲಿ ಗಟ್ಟಿ ಸರಳು ಮಾಡಿದರೆ ಅದರ ವ್ಯಾಸ 24.2 ಮಿಲಿಮೀಟರ್ ಆಗುತ್ತೆ. ಈಗ ಎರಡಕ್ಕೂ ಮೊಮೆಂಟ್ ಆಫ್ ಇನರ್ಶಿಯಾ ಕಂಡುಹಿಡಿಯಿರಿ. ಕೊಳವೆಯದು 1.67 ಪಟ್ಟು ಹೆಚ್ಚು. ಬಾಗುವಾಗ ಮುರಿಯದೆ ತಡೆಯುವ ಶಕ್ತಿ 1.44 ಪಟ್ಟು. ತೂಕ ಮಾತ್ರ ಅಷ್ಟೇ. ಟೊಳ್ಳು ಕೊಳವೆಯ ಈ ಲಾಭವನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲೇ ಹಕ್ಕಿಗಳ ಮೂಳೆಯ ಉದಾಹರಣೆ ಕೊಟ್ಟು ಹೇಳಿದ್ದ.

ಆದರೆ ತೊಡೆಮೂಳೆಯ ಮೇಲ್ತುದಿ, ಅಂದ್ರೆ ಸೊಂಟದ ಕೀಲಿನೊಳಗೆ ಕೂರುವ ಗುಂಡು ಭಾಗ, ಕೊಳವೆಯಲ್ಲ. ಅದರೊಳಗೆ ಸ್ಪಂಜಿನಂಥ ಸಣ್ಣ ಸಣ್ಣ ಎಳೆಗಳಿವೆ. ನಾವು ಸುಮ್ಮನೆ ನಡೆದರೂ ಆ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತೆ. ಒಂದೇ ಕಾಲಿನ ಮೇಲೆ ಇರುವ ಗಳಿಗೆಯಲ್ಲಿ ಸೊಂಟ ವಾಲದಂತೆ ಪಕ್ಕದ ಸ್ನಾಯುಗಳು ಎಳೆದು ಹಿಡಿಯೋದರಿಂದ ಹೀಗೆ.

1866ರಲ್ಲಿ ಜ್ಯೂರಿಚ್‌ನಲ್ಲಿ ಹರ್ಮನ್ ಫಾನ್ ಮೈಯರ್ ಅನ್ನುವ ಅಂಗರಚನಾ ಪ್ರೊಫೆಸರ್ ಈ ಎಳೆಗಳ ಸಾಲನ್ನು ತೋರಿಸಿದರು. ಅದನ್ನು ನೋಡಿದ ಸಿವಿಲ್ ಪ್ರೊಫೆಸರ್ ಕಾರ್ಲ್ ಕುಲ್ಮನ್‌ಗೆ ಆಶ್ಚರ್ಯ. ಕುಲ್ಮನ್ ಗ್ರಾಫಿಕ್ ಸ್ಟ್ಯಾಟಿಕ್ಸ್‌ಗೆ ಅಡಿಪಾಯ ಹಾಕಿದವರು. ಬಾಗಿದ ಕ್ರೇನ್ ಒಂದರೊಳಗೆ ಸ್ಟ್ರೆಸ್ ಹರಿಯುವ ಗೆರೆಗಳನ್ನು ಅವರು ಹೇಗೆ ಬರೆಯುತ್ತಿದ್ದರೋ, ಮೂಳೆಯ ಎಳೆಗಳೂ ಹೆಚ್ಚುಕಡಿಮೆ ಹಾಗೇ ಇದ್ದವು. ಬರ್ಲಿನ್‌ನ ಸರ್ಜನ್ ಜೂಲಿಯಸ್ ವುಲ್ಫ್ ಇದನ್ನೇ ಮುಂದುವರಿಸಿ, ಲೋಡ್ ಬದಲಾದರೆ ಮೂಳೆಯ ರಚನೆಯೂ ಬದಲಾಗುತ್ತೆ ಅಂತ 1892ರಲ್ಲಿ ಒಂದು ನಿಯಮವನ್ನೇ ಪುಸ್ತಕವಾಗಿ ತಂದರು. ವುಲ್ಫ್ ಹೇಳಿದಂತೆ ಎಳೆಗಳು ಎಲ್ಲ ಕಡೆ ಸರಿಯಾಗಿ 90 ಡಿಗ್ರಿಯಲ್ಲಿ ದಾಟೋದಿಲ್ಲ, ಆ ಗಣಿತ ನಿಂತಿಲ್ಲ. ಮೂಲ ಮಾತು ಮಾತ್ರ ನಿಂತಿದೆ.

ಲೋಡ್ ಆಯ್ತು ಅಂತ ಯಾರು ಹೇಳ್ತಾರೆ?

ಮೂಳೆಯ ಒಳಗೆಲ್ಲ ಆಸ್ಟಿಯೋಸೈಟ್ ಅನ್ನುವ ಜೀವಕೋಶಗಳು ಹುದುಗಿವೆ, ಕೂದಲಿಗಿಂತ ಎಷ್ಟೋ ಸಣ್ಣ ನಾಳಗಳ ಮೂಲಕ ಒಂದಕ್ಕೊಂದು ಸೇರಿಕೊಂಡಿವೆ. ಮೂಳೆ ಸ್ವಲ್ಪ ಬಾಗಿದರೂ ಆ ನಾಳಗಳಲ್ಲಿರುವ ದ್ರವ ಹರಿಯುತ್ತೆ. ಹರಿವಿನ ಶಿಯರ್ ಈ ಕೋಶಗಳಿಗೆ ತಾಗುತ್ತೆ. ಒಂದು ರೀತಿಯಲ್ಲಿ ಇವು ಮೂಳೆ ತುಂಬ ಅಂಟಿಸಿದ ಸ್ಟ್ರೇನ್ ಗೇಜ್‌ಗಳು. ಇವು ಕೊಡುವ ಸೂಚನೆಯಂತೆ ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೇ ಮೂಳೆಯನ್ನು ಕರಗಿಸಿ ತೆಗೀತವೆ, ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸದನ್ನು ಕಟ್ತವೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 10 ಪರ್ಸೆಂಟ್ ಮೂಳೆ ಹೀಗೆ ಹೊಸದಾಗುತ್ತೆ.

ದ್ರವ ಹರಿಯಬೇಕಾದರೆ ಲೋಡ್ ಬದಲಾಗ್ತಾ ಇರಬೇಕು. ಸುಮ್ಮನೆ ಹೇರಿಟ್ಟ ಲೋಡ್ ಲೆಕ್ಕಕ್ಕಿಲ್ಲ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಹಕ್ಕಿಯ ರೆಕ್ಕೆ ಮೂಳೆಯ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿತು. ಕದಲದ ಲೋಡ್ ಹಾಕಿದಾಗ ಮೂಳೆ ಕರಗಿತು. ದಿನಕ್ಕೆ ಬರೀ 36 ಸಲ ಲೋಡ್ ಹಾಕಿ ತೆಗೆದಾಗ ಬೆಳೆಯಿತು. 36ರ ಬದಲು 1800 ಸಲ ಮಾಡಿದರೂ ಹೆಚ್ಚಿನ ಲಾಭ ಬರಲಿಲ್ಲ. ಅಂದ್ರೆ ಗಂಟೆಗಟ್ಟಲೆ ಬೇಕಿಲ್ಲ, ಆದರೆ ಮೂಳೆಗೆ ಬಲ ತಾಗಬೇಕು.

ಚಿಕ್ಕಂದಿನಿಂದ ಟೆನಿಸ್ ಆಡಿದವರ ರಾಕೆಟ್ ಹಿಡಿಯುವ ತೋಳಿನ ಮೂಳೆಯ ಗೋಡೆ ಇನ್ನೊಂದು ತೋಳಿಗಿಂತ ಸುಮಾರು ಮೂರನೇ ಒಂದು ಭಾಗ ದಪ್ಪ ಇರೋದನ್ನು ಅಳೆದು ನೋಡಿದ್ದಾರೆ. ಒಂದೇ ರಕ್ತ, ಒಂದೇ ಊಟ, ವ್ಯತ್ಯಾಸ ಲೋಡಿನದು ಮಾತ್ರ. ಇದಕ್ಕೆ ವಿರುದ್ಧ ಬಾಹ್ಯಾಕಾಶ ನಿಲ್ದಾಣದಲ್ಲಿ. ಅಲ್ಲಿ ತೂಕವೇ ಇಲ್ಲ. ಸರಿಯಾದ ವ್ಯಾಯಾಮ ಇಲ್ಲದಿದ್ದರೆ ಗಗನಯಾನಿಗಳ ಸೊಂಟದ ಮೂಳೆ ತಿಂಗಳಿಗೆ 1ರಿಂದ 1.5 ಪರ್ಸೆಂಟ್ ಸವೆಯುತ್ತೆ. ಅದಕ್ಕೇ ಅವರಿಗೆ ದಿನವೂ ವ್ಯಾಯಾಮ ಕಡ್ಡಾಯ.

ಪ್ಲೇಟ್ ಹಾಕಿದರೆ ಏನಾಗುತ್ತೆ?

ಇಲ್ಲಿಂದ ನಮ್ಮ ಕೆಲಸ ಶುರು. ಮುರಿದ ಮೂಳೆಗೆ ಸ್ಟೀಲ್ ಪ್ಲೇಟ್ ಕೂರಿಸಿದ್ದಾರೆ ಅಂದುಕೊಳ್ಳಿ. ಮೂಳೆಯ ಯಂಗ್ಸ್ ಮಾಡ್ಯುಲಸ್ ಸುಮಾರು 17 ಗಿಗಾಪಾಸ್ಕಲ್, ಸ್ಟೀಲ್‌ದು 200. ಪ್ಲೇಟಿನ ಕ್ರಾಸ್ ಸೆಕ್ಷನ್ ಮೂಳೆಯ ಹತ್ತನೇ ಒಂದು ಭಾಗ ಇದ್ದರೂ ಲೋಡ್ ಹಂಚಿಕೆ 200ಕ್ಕೆ 170. ಮೂಳೆ ಕೂಡಿಕೊಂಡ ಮೇಲೂ ಅರ್ಧಕ್ಕಿಂತ ಹೆಚ್ಚು ಭಾರ ಪ್ಲೇಟೇ ಹೊರುತ್ತೆ. ಕೆಲಸ ಕಮ್ಮಿಯಾದ ಮೂಳೆ ನಿಧಾನಕ್ಕೆ ತೆಳ್ಳಗಾಗುತ್ತೆ. ಇದೇ ಸ್ಟ್ರೆಸ್ ಶೀಲ್ಡಿಂಗ್. ಬದಲಿ ಸೊಂಟದ ಕೀಲು ಹಾಕಿದಲ್ಲೂ ಇದೇ ತೊಂದರೆ. ಸುತ್ತಲ ಮೂಳೆ ಸವೆದರೆ ಕೀಲು ಸಡಿಲ ಆಗಬಹುದು. ಹಾಗಾಗಿ ಸುಮಾರು 110 ಗಿಗಾಪಾಸ್ಕಲ್‌ನ ಟೈಟೇನಿಯಂ ಮಿಶ್ರಲೋಹ ಬಂತು. ಈಗ 3ಡಿ ಪ್ರಿಂಟಿಂಗ್‌ನಲ್ಲಿ ಜಾಲರಿಯಂತೆ ತೂತು ತೂತಾಗಿ ಮಾಡಿ ಗಡಸುತನವನ್ನು ಇನ್ನೂ ಇಳಿಸ್ತಾರೆ. ನಾವು ಯಾವಾಗಲೂ ಇನ್ನಷ್ಟು ಗಟ್ಟಿ ಮಾಡೋದು ಹೇಗೆ ಅಂತಲೇ ಯೋಚಿಸ್ತೀವಿ. ಇಲ್ಲಿ ಎಂಜಿನಿಯರ್ ಮಾಡಬೇಕಾದ್ದು ಮೂಳೆಗೆ ಅದರ ಪಾಲಿನ ಲೋಡ್ ಬಿಟ್ಟುಕೊಡೋದು.

ಇನ್ನು ನಮ್ಮ ಮಾತು

ಮೂಳೆಯ ಬಂಡವಾಳ ಹೆಚ್ಚುಕಡಿಮೆ 30 ವರ್ಷದೊಳಗೆ ಪೂರ್ತಿ ಆಗುತ್ತೆ. ಆಮೇಲೆ ಇರೋದನ್ನು ಕಾಪಾಡಿಕೊಳ್ಳೋದಷ್ಟೇ. ವಯಸ್ಸಾದ ಮೇಲೆ, ಅದರಲ್ಲೂ ಹೆಂಗಸರಿಗೆ ಮುಟ್ಟು ನಿಂತ ಮೇಲೆ, ಅದು ಬೇಗ ಕರಗುತ್ತೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರು ನಮ್ಮೆಲ್ಲರ ಕುಟುಂಬ, ನೆಂಟರಿಷ್ಟರಲ್ಲಿ ಒಬ್ಬರಾದರೂ ಇದ್ದಾರೆ. ನಮ್ಮ ಕ್ಯಾಂಪಸ್ಸಿನ 18ರಿಂದ 22ರ ವಯಸ್ಸು ಆ ಬಂಡವಾಳ ಇನ್ನೂ ಕಟ್ಟಿಕೊಳ್ಳುವ ಕಾಲ. ಅದನ್ನು ನಾವು ಕಳೆಯೋದು ಲ್ಯಾಬಿನ ಸ್ಟೂಲ್, ಹಾಸ್ಟೆಲ್ ಮಂಚ, ಲ್ಯಾಪ್‌ಟಾಪ್ ಮುಂದೆ. ಕೂತಿರೋದು ಕದಲದ ಲೋಡ್, ಮೇಲೆ ಹೇಳಿದ ಹಾಗೆ ಮೂಳೆಗೆ ಅದು ಲೆಕ್ಕಕ್ಕಿಲ್ಲ. ಈಜು, ಸೈಕಲ್ ಹೃದಯಕ್ಕೆ ಒಳ್ಳೇದು, ಆದರೆ ನೆಲದ ಪೆಟ್ಟು ಇಲ್ಲದ್ದರಿಂದ ಮೂಳೆಗೆ ಅಷ್ಟು ಪ್ರಯೋಜನ ಇಲ್ಲ. ಹಾರೋದು, ಓಡೋದು, ಸ್ಕಿಪ್ಪಿಂಗ್, ವಾಲಿಬಾಲ್, ಖೋ ಖೋ ಆಡೋದು ಬೇಕು.

ಒಂದು ಎಚ್ಚರಿಕೆ. ಮೂಳೆ ಮೊದಲು ಹಳೆಯದನ್ನು ತೆಗೆಯುತ್ತೆ, ಅದಕ್ಕೆ ಕೆಲವು ವಾರ ಸಾಕು. ಆ ಜಾಗ ತುಂಬೋಕೆ ತಿಂಗಳುಗಳೇ ಬೇಕು. ಆರು ತಿಂಗಳು ಸುಮ್ಮನಿದ್ದು ಮ್ಯಾರಥಾನ್‌ಗೆ ಅಂತ ಒಂದೇ ವಾರದಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ಓಡಿದರೆ ತೆಗೆದ ಜಾಗ ತುಂಬುವ ಮೊದಲೇ ಸಣ್ಣ ಬಿರುಕುಗಳು ಬೆಳೀತವೆ. ನಾವು ಫೆಟೀಗ್ ಅನ್ನೋದನ್ನು ಡಾಕ್ಟರು ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಹಾಗಾಗಿ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಒಂದೇ ಜಾಗದಲ್ಲಿ ಒತ್ತಿದರೆ ನೋವು ಬಂದು ಹೋಗದೇ ಇದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಕಟ್ಟೋಕೆ ಸಾಮಾನೂ ಬೇಕಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೆಸ್ಸಿನಲ್ಲಿ ಮುದ್ದೆ ಮಾಡಿದ ದಿನ ಮೂಗು ಮುರಿಯಬೇಡಿ. ವಿಟಮಿನ್ ಡಿಗೆ ಬಿಸಿಲು ಬೇಕು, ಅದಂತೂ ಪುಕ್ಕಟೆ. ಈ ಲೇಖನ ಓದಿ ಮುಗಿಸಿದವರು ಎದ್ದು ಒಂದು ಮೂವತ್ತಾರು ಸಲ ಹಾರಿ. ರೂಮ್‌ಮೇಟ್ ಕೇಳಿದರೆ ಸ್ಟ್ರೇನ್ ಗೇಜ್ ಟೆಸ್ಟ್ ಮಾಡ್ತಿದೀನಿ ಅನ್ನಿ.