ವಿಮಾನದ ಬಿಡಿಭಾಗಗಳಿಗೆ ಒಪ್ಪವಿಡುವ ಜಿಗ್ಗು

ಚಿತ್ರದುರ್ಗದ ಸೀಮೆಗೆ ಒಪ್ಪವಿಡುವ ಕೆಲಸವು ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅವರು ನಡೆಸಿದ ಉತ್ಖನನದಿಂದ, ಉಜ್ಜಿ ನಯಗೊಳಿಸಿದ ಕಲ್ಗೊಡಲಿಗಳನ್ನು ಬಳಸುತ್ತಿದ್ದ ಜನರ ನೆಲೆಯು ಬೆಳಕಿಗೆ ಬಂದಿತು. ಕಲ್ಲನ್ನು ಚಕ್ಕೆಯೆಬ್ಬಿಸಿ, ಕುಟ್ಟಿ ಸಮಮಾಡಿ, ಕಡೆಗೆ ಉಜ್ಜುವುದು ಆ ಕಾಲದವರ ಕ್ರಮ. ಅದೇ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ವೈಮಾನಿಕ ಪರೀಕ್ಷಾ ಕ್ಷೇತ್ರವು ಆರಂಭವಾಯಿತು. 2023ರ ಆಗಸ್ಟಿನಲ್ಲಿ 'ತಪಸ್' ಎಂಬ ಚಾಲಕರಹಿತ ವಿಮಾನವೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ಹೊಲದಲ್ಲಿ ಬಿದ್ದಿತು. ಆ ಪತನಕ್ಕೂ ಇಲ್ಲಿಯ ವಿಷಯಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ; ವಿಮಾನವು ಈ ಸೀಮೆಗೆ ದೂರದ ವಸ್ತುವಾಗಿ ಉಳಿದಿಲ್ಲವೆಂಬುದಷ್ಟೇ ತಾತ್ಪರ್ಯ.

ಕೊಡಲಿಯ ಮೆರುಗು ಅದರ ಅಲಗಿಗಾಗಿ. ವಿಮಾನದ ಭಾಗದ ಮೆರುಗು ಅದರ ಆಯುಸ್ಸಿಗಾಗಿ. ಲೋಹವು ಸಾವಿರಾರು ಸಲ ಎಳೆತಕ್ಕೆ ಸಿಕ್ಕುವಾಗ, ಕಣ್ಣಿಗೆ ಅಷ್ಟಾಗಿ ಕಾಣದ ಗೀರೊಂದರ ತಳದಲ್ಲಿ ಒತ್ತಡವು ಒಟ್ಟುಗೂಡಿ, ಅಲ್ಲಿಂದಲೇ ಬಿರುಕು ಹುಟ್ಟುವುದು. ಆದುದರಿಂದ ಗೀರನ್ನು ಎಳೆತದ ದಿಕ್ಕಿಗೆ ಉದ್ದುದ್ದವಾಗಿಯೇ ಉಜ್ಜಿ ಮಾಯಿಸತಕ್ಕದ್ದು, ಅಡ್ಡಲಾಗಿ ಅಲ್ಲ. ಆದರೆ ಅತಿಯಾದ ಒಪ್ಪವೂ ಹಾನಿಯೇ. ತುಕ್ಕು ತಡೆಯಲೆಂದು ಶುದ್ಧ ಅಲ್ಯುಮಿನಿಯಮ್ಮಿನ ಹೊದಿಕೆಯಿರುವ ಮಿಶ್ರಲೋಹದ ತಗಡು 1 ಮಿಲಿಮೀಟರ್ ದಪ್ಪವಿದ್ದರೆ, ಒಂದೊಂದು ಪಕ್ಕದ ಹೊದಿಕೆಯು ಸುಮಾರು 0.05 ಮಿಲಿಮೀಟರ್ ಮಾತ್ರ. ಹೊಳಪಿಗೆ ಮರುಳಾದ ಕೈಗೆ ಅದನ್ನು ಸವೆಸಲು ಹೆಚ್ಚು ಹೊತ್ತು ಬೇಡ.

ಈ ಕೈಯನ್ನು ಹದ್ದಿನಲ್ಲಿಡುವುದೇ ಜಿಗ್ಗಿನ ಕಾರ್ಯ. (ಉಪಕರಣಕ್ಕೆ ದಾರಿ ತೋರಿಸುವುದು ಜಿಗ್ಗು, ಕೆಲಸದ ವಸ್ತುವನ್ನು ಹಿಡಿದಿಡುವುದು ಫಿಕ್ಸ್ಚರ್ ಎಂದು ಶಾಸ್ತ್ರ, ಕಾರ್ಖಾನೆಯ ಮಾತಿನಲ್ಲಿ ಎರಡೂ ಜಿಗ್ಗೇ.) ಎರಡು ತುದಿಗಳಲ್ಲಿ ತೂತುಳ್ಳ ಸಣ್ಣ ಸನ್ನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಟ್ಟಿ ಮರದ ತುಂಡಿನಲ್ಲಿ ಸನ್ನೆಯ ಅರ್ಧ ದಪ್ಪ ಕೂರುವಷ್ಟು ಗುಳಿ ತೋಡಿ, ಅದಕ್ಕೆ ತೊಗಲನ್ನು ಅಂಟಿಸಬೇಕು. ಸನ್ನೆಯ ತೂತುಗಳಿಗೆ ಸರಿಹೊಂದುವ ಹಿತ್ತಾಳೆಯ ಎರಡು ಗೂಟಗಳನ್ನು, ಅವುಗಳ ತಲೆ ಸನ್ನೆಯ ಮೈಗಿಂತ ಮೇಲೇಳದಂತೆ, ನಿಲ್ಲಿಸಬೇಕು. ಮರದ ತುಂಡು ಹಳಿಯಂತಹ ಎರಡು ಪಟ್ಟಿಗಳ ನಡುವೆ ಜಾರುವಂತಿರಲಿ; ಮುಂಗಡೆ ತಡೆಯಾಗಿ ತಿರುಪೊಂದಿರಲಿ. ಚಕ್ರವು ಎಷ್ಟು ಆಳಕ್ಕೆ ಮುಟ್ಟಬೇಕೆಂಬುದನ್ನು ಆ ತಿರುಪು ನಿಶ್ಚಯಿಸುವುದು.

ಚಕ್ರದ ಮುಂಭಾಗವು ಕೆಳಮುಖವಾಗಿ ತಿರುಗುತ್ತಿರಬೇಕು. ಅದರ ನಡುಮಟ್ಟಕ್ಕಿಂತ ಕೆಳಗೆ ಸನ್ನೆಯನ್ನು ತಾಗಿಸಬೇಕು. ಚಕ್ರವು ಅಂಚನ್ನು ದಾಟಿ ಹೊರಕ್ಕೆ ಹೋಗಬಹುದು, ಅಂಚಿಗೆ ಎದುರಾಗಿ ಬರಕೂಡದು. ಎದುರಾದರೆ ವಸ್ತುವನ್ನು ಕಿತ್ತು ಎಸೆಯುವುದು. ಅನನುಭವಿಯು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಉಕ್ಕಿಗೆ ಬಳಸಿದ ಚಕ್ರವನ್ನು ಅಲ್ಯುಮಿನಿಯಮ್ಮಿಗೆ ಬಳಸಬಾರದು. ಉಕ್ಕಿನ ಕಣಗಳು ಮೃದುವಾದ ಲೋಹದಲ್ಲಿ ಹುದುಗಿ, ತೇವ ತಗಲಿದಾಗ ಅದನ್ನು ಕೊರೆಯತೊಡಗುತ್ತವೆ. ಉಕ್ಕಿನ ನಾರಿನಿಂದ ತಿಕ್ಕಬಾರದೆಂಬುದೂ ಇದೇ ಕಾರಣದಿಂದ. ಅಲ್ಯುಮಿನಿಯಮ್ಮಿನ ಧೂಳು ಬೆಂಕಿಗೆ ಬೇಗ ಒಡ್ಡಿಕೊಳ್ಳುವಂಥದು. ಅದನ್ನು ಕೂಡಿಬೀಳಲು ಬಿಡಬಾರದು.

ಮನೆಯಲ್ಲಿ ಮಾಡಿದ ಇಂತಹ ಜಿಗ್ಗು ವಿದ್ಯಾರ್ಥಿಗಳ ಅಭ್ಯಾಸಕ್ಕೆ, ಹಾರಾಟದಿಂದ ತೆಗೆದುಹಾಕಿದ ಭಾಗಗಳಿಗೆ ಮಾತ್ರ ಸಲ್ಲುವುದು. ಹಾರುವ ವಿಮಾನದ ಭಾಗದಿಂದ ಎಷ್ಟು ಲೋಹ ತೆಗೆಯಬಹುದೆಂಬುದನ್ನು ತಯಾರಕರ ಕೈಪಿಡಿಯು ಗೊತ್ತುಮಾಡಿರುತ್ತದೆ. ಒಪ್ಪವಿಡುವ ಮೊದಲೂ ಅನಂತರವೂ ಮೈಕ್ರೋಮೀಟರಿನಿಂದ ದಪ್ಪವನ್ನು ಅಳೆದು ಬರೆದಿಡುವುದು, ಅರ್ಹತಾಪತ್ರವುಳ್ಳ ಎಂಜಿನಿಯರು ಭೂತಗನ್ನಡಿಯಿಂದ ಅದನ್ನು ಪರೀಕ್ಷಿಸಿ ರುಜು ಹಾಕುವುದು ಅಲ್ಲಿಯ ಪದ್ಧತಿ.